ನೋಡುವುದು ಮತ್ತು ನೋಡಿಕೊಳ್ಳುವುದು: ಠಾಣೆ ಖಾಡಿಯ ಎರಡು ದಡಗಳ ಋತುಚರಿತ್ರೆ

ಪ್ರವಾಸಿಗಳಿಗಾಗಿ ಬರೆದ ಕೈಪಿಡಿಗಳನ್ನು ತೆರೆದು ನೋಡಿದರೆ ಯುರೋಪಿನ ಪ್ರತಿಯೊಂದು ಮಹಾನಗರಕ್ಕೂ ಒಂದು ಪಂಚಾಂಗವಿರುವುದು ಕಾಣುತ್ತದೆ. ಜರ್ಮನಿಯ ಮ್ಯೂನಿಕ್ ನಗರಕ್ಕೆ ಸೆಪ್ಟೆಂಬರ್ ತಿಂಗಳ ಕೊನೆಗೆ ಹೋದವರಿಗೆ ಅಕ್ಟೋಬರ್‌ಫೆಸ್ಟ್ ಎಂಬ ಮಹಾಜಾತ್ರೆ. ಡಿಸೆಂಬರಿನಲ್ಲಿ ಹೋದವರಿಗೆ ದೀಪಾಲಂಕೃತವಾದ ಕ್ರಿಸ್‌ಮಸ್ ಸಂತೆ. ಯಾವ ಋತುವಿನಲ್ಲಿ ಏನನ್ನು ನೋಡಬೇಕು ಎಂಬುದಷ್ಟೇ ಅಲ್ಲ, ಆ ನೋಟ ಎಂದು ಹುಟ್ಟಿತು ಎಂಬುದೂ ಅಲ್ಲಿ ದಾಖಲಾಗಿದೆ. 1810ರ ಅಕ್ಟೋಬರ್ 12ರಂದು ಬವೇರಿಯದ ಯುವರಾಜ ಲುಡ್‌ವಿಗ್‌ನಿಗೂ ರಾಜಕುಮಾರಿ ಥೆರೇಸಾಳಿಗೂ ವಿವಾಹವಾಯಿತು. ಆ ಸಂಭ್ರಮದ ಅಂಗವಾಗಿ ಊರ ಹೊರಗಿನ ಹುಲ್ಲುಗಾವಲಿನಲ್ಲಿ ಕುದುರೆಗಳ ಓಟ ನಡೆಯಿತು. ಅದೇ ವರ್ಷವರ್ಷವೂ ಮರುಕಳಿಸಿ ಜಾತ್ರೆಯಾಯಿತು. ಆ ಬಯಲು ಇಂದಿಗೂ ವಧುವಿನ ಹೆಸರಿನಲ್ಲೇ ಇದೆ.

ಇಂಥ ವಿವರಗಳನ್ನು ಓದುವಾಗ ನವಿಮುಂಬಯಿಯಲ್ಲಿ ನೆಲೆಸಿರುವ ನಮ್ಮಂಥವರಿಗೆ ಒಂದು ಬಗೆಯ ಕೀಳರಿಮೆ ಬಾಧಿಸುವುದುಂಟು. ನಮ್ಮ ಊರಿಗೆ ವಯಸ್ಸಾದರೂ ಎಷ್ಟು? ಸಿಡ್ಕೋ ಸಂಸ್ಥೆ ಸ್ಥಾಪನೆಯಾದದ್ದು 1970ರಲ್ಲಿ. ಠಾಣೆಯಿಂದ ಘಣಸೋಲಿಯ ಮೂಲಕ ಲೋಕಲ್ ಗಾಡಿ ಓಡತೊಡಗಿದ್ದು 2004ರಲ್ಲಿ. ನೌಕರಿಯ ನಿಮಿತ್ತ ಬಂದು, ಸೆಕ್ಟರು ಮತ್ತು ಪ್ಲಾಟುಗಳ ಸಂಖ್ಯೆಯಲ್ಲೇ ವಿಳಾಸ ಬರೆಯುವ ನಮಗೆ, ಇದು ಮಲಗಿ ಏಳುವುದಕ್ಕೆ ಇರುವ ಊರು, ನೋಡುವುದಕ್ಕೆ ಇರುವ ಊರಲ್ಲ ಎಂಬ ಭಾವನೆ. ಊರಿನಿಂದ ನೆಂಟರು ಬಂದರೆ ಗೇಟ್‌ವೇ ಆಫ್ ಇಂಡಿಯಾ ತೋರಿಸಿ ಕಳುಹಿಸುತ್ತೇವೆ.

ಆದರೆ ಘಣಸೋಲಿಯ ನೆಲೆ ಎಂಥದೆಂಬುದನ್ನು ಒಮ್ಮೆ ಗಮನಿಸಬೇಕು. ಪೂರ್ವಕ್ಕೆ ಪಾರ್ಸಿಕ್ ಬೆಟ್ಟಸಾಲು. ಪಶ್ಚಿಮಕ್ಕೆ ಕಾಂಡ್ಲಾ ಕಾಡು, ಅದರಾಚೆ ಸಮುದ್ರ ಒಳನಾಡಿಗೆ ಚಾಚಿದ ತೋಳಿನಂತಿರುವ ಠಾಣೆಯ ಖಾಡಿ. ಖಾಡಿಯ ಆಚೆ ದಡದಲ್ಲಿ ಮುಲುಂಡ್, ಭಾಂಡುಪ್‌ಗಳ ಕಟ್ಟಡಗಳು. ಅವುಗಳ ಬೆನ್ನಿಗೆ ಮಳೆಗಾಲದಲ್ಲಿ ನೀಲಿಯಾಗಿ ಕಾಣುವ ಗುಡ್ಡಗಳು. ಆ ಗುಡ್ಡಗಳ ನಡುವೆ ಕಾನ್ಹೇರಿಯ ಗುಹೆಗಳಿವೆ. ಉತ್ತರಕ್ಕೆ ಒಂದು ಕಾಲದ ರಾಜಧಾನಿ ಠಾಣೆ. ಈಶಾನ್ಯಕ್ಕೆ ಸಾತವಾಹನರ ಕಾಲದ ಬಂದರು ಕಲ್ಯಾಣ. ಅದಕ್ಕೂ ಆಚೆ ಅಂಬರನಾಥದ ಕಲ್ಲಿನ ದೇಗುಲ. ಈ ಪರಿಸರಕ್ಕೂ ತನ್ನದೇ ಆದ ಋತುಪಂಚಾಂಗವಿದೆ. ಅದರ ಮೊದಲ ಪುಟಗಳು ಮ್ಯೂನಿಕ್ಕಿನ ಜಾತ್ರೆಗಿಂತ ಸಾವಿರದ ಏಳುನೂರು ವರ್ಷಗಳಷ್ಟಾದರೂ ಹಳೆಯವು. ಅವನ್ನು ತಿರುವಿದಾಗ ಎದುರಾಗುವ ಒಂದು ಪ್ರಶ್ನೆಯೇ ಈ ಲೇಖನದ ವಸ್ತು. ಒಂದು ನೋಟವನ್ನು ಶತಮಾನಗಳ ಕಾಲ ನೋಟವಾಗಿ ಉಳಿಸುವವರು ಯಾರು?

ಮಳೆಗಾಲ

ಪಂಚಾಂಗ ಆರಂಭವಾಗುವುದು ಮಳೆಯಿಂದ. ಜೂನ್ ಕಳೆದು ಜುಲೈ ಬರುತ್ತಲೇ ಘಣಸೋಲಿಯ ಬೆನ್ನಿಗಿರುವ ಗವಳೀದೇವ ಬೆಟ್ಟದ ಝರಿಗಳು, ಖಾರಘರದ ಪಾಂಡವಕಡಾ ಜಲಪಾತ, ಆಚೆ ದಡದ ಯೇವೂರು ಗುಡ್ಡಗಳು ಜನರಿಂದ ತುಂಬುತ್ತವೆ. ಭಾನುವಾರ ಬಂದಿತೆಂದರೆ ಬಿಸಿ ಕಾಂದಾಭಜಿ, ಜೋಳದ ತೆನೆ, ನೆನೆದ ಬಟ್ಟೆಯಲ್ಲಿ ಕಿರುಚಾಡುವ ಗುಂಪುಗಳು. ಮಳೆಗಾಲವೆಂದರೆ ಮನೆಯಿಂದ ಹೊರಬೀಳುವ ಕಾಲ ಎಂಬುದು ಇಂದಿನ ನಗರವಾಸಿಯ ತಿಳಿವಳಿಕೆ.

ಎರಡು ಸಾವಿರ ವರ್ಷಗಳ ಹಿಂದೆ ಇದೇ ಗುಡ್ಡಗಳಿಗೆ ಬಂದವರ ತಿಳಿವಳಿಕೆ ಇದಕ್ಕೆ ತೀರ ವಿರುದ್ಧವಾಗಿತ್ತು. ಬೌದ್ಧ ಭಿಕ್ಷುಗಳು ಎಂಟು ತಿಂಗಳು ಸಂಚಾರಿಗಳು. ಮಳೆಗಾಲದಲ್ಲಿ ಮಾತ್ರ ಒಂದೆಡೆ ನೆಲೆ ನಿಲ್ಲಬೇಕೆಂಬುದು ಅವರ ವಿನಯದ ನಿಯಮ. ಆಗತಾನೆ ಮೊಳೆತ ಹಸಿರನ್ನೂ ಮಣ್ಣಿನಿಂದ ಮೇಲೆದ್ದ ಸಣ್ಣ ಜೀವಗಳನ್ನೂ ತುಳಿಯಬಾರದೆಂಬುದು ಅದಕ್ಕೆ ಕಾರಣ. ಈ ವರ್ಷಾವಾಸಕ್ಕೆ ಆಶ್ರಯವಾಗಿ ಬೆಳೆದ ತಾಣಗಳಲ್ಲಿ ಕಾನ್ಹೇರಿ ಒಂದು. ಶಾಸನಗಳಲ್ಲಿ ಇದರ ಹೆಸರು ಕೃಷ್ಣಗಿರಿ, ಕರಿಯ ಬೆಟ್ಟ. ಕ್ರಿಸ್ತಪೂರ್ವ ಮೊದಲನೆಯ ಶತಮಾನದಿಂದ ಹಿಡಿದು ಸುಮಾರು ಸಾವಿರ ವರ್ಷ ಇಲ್ಲಿ ಕಲ್ಲು ಕೊರೆಯುವ ಕೆಲಸ ನಡೆಯಿತು. ಒಂದೇ ಬೆಟ್ಟದಲ್ಲಿ ನೂರಕ್ಕೂ ಹೆಚ್ಚು ಗುಹೆಗಳಾದವು.

ಕಾನ್ಹೇರಿಗೆ ಹೋದವರು ಸಾಮಾನ್ಯವಾಗಿ ಮೂರನೆಯ ಗುಹೆಯ ಚೈತ್ಯವನ್ನೂ, ಅಲ್ಲಿಯ ಎತ್ತರದ ಬುದ್ಧಮೂರ್ತಿಗಳನ್ನೂ ಕಂಡು ಹಿಂದಿರುಗುತ್ತಾರೆ. ಆದರೆ ಆ ಬೆಟ್ಟದ ನಿಜವಾದ ವಿಸ್ಮಯ ಕಾಲಡಿಯಲ್ಲಿದೆ. ಬಂಡೆಯ ಮೇಲೆ ಬಿದ್ದ ಮಳೆ ವ್ಯರ್ಥವಾಗಿ ಹರಿದುಹೋಗದಂತೆ ಕೊರೆದ ಸಣ್ಣ ಕಾಲುವೆಗಳು ಕೋಣೆಗಳ ಪಕ್ಕದ ತೊಟ್ಟಿಗಳಿಗೆ ನೀರನ್ನು ಕೊಂಡೊಯ್ಯುತ್ತವೆ. ನಾಲ್ಕು ತಿಂಗಳ ಮಳೆಯನ್ನು ಹಿಡಿದಿಟ್ಟು ಉಳಿದ ಎಂಟು ತಿಂಗಳು ಬದುಕುವ ಏರ್ಪಾಡು ಇದು. ಆ ತೊಟ್ಟಿಗಳಿಗೆ ಶಾಸನಗಳು ಬಳಸುವ ಪ್ರಾಕೃತ ಪದ ‘ಪಾನೀಯಪೋಢಿ’. ಒಂದು ತೊಟ್ಟಿಯನ್ನು ಕೊಡಿಸಿದವನು ಕಲ್ಯಾಣದ ಅಕ್ಕಸಾಲಿಗ ಸಾಮಿದತ್ತ. ಇನ್ನೊಂದನ್ನು ಕೊಡಿಸಿದವನು ಸತೇರಕನೆಂಬ ಅಮಾತ್ಯ. ಆ ಶಾಸನದಲ್ಲಿ ಸಾತವಾಹನ ದೊರೆಯೊಬ್ಬನ ರಾಣಿಯ ಉಲ್ಲೇಖವಿದೆ, ಆಕೆ ಕ್ಷತ್ರಪ ವಂಶದ ಮಗಳು. ಗಂಡು ಮತ್ತು ಹೆಣ್ಣಿನ ಕಡೆಯ ಎರಡು ರಾಜವಂಶಗಳು ಪರಸ್ಪರ ಯುದ್ಧ ಮಾಡಿದವು ಎಂಬುದು ಪಠ್ಯಪುಸ್ತಕದ ಇತಿಹಾಸ; ಅವರ ಹೆಸರುಗಳು ಒಟ್ಟಾಗಿ ಉಳಿದದ್ದು ಕುಡಿಯುವ ನೀರಿನ ತೊಟ್ಟಿಯ ಮೇಲೆ.

ದಾನಿಗಳು ಕಟ್ಟಿಸಿ ಕೈತೊಳೆದುಕೊಳ್ಳಲಿಲ್ಲ ಎಂಬುದು ಇನ್ನೂ ಮುಖ್ಯ. ಕಾನ್ಹೇರಿಯ ಹಲವು ಶಾಸನಗಳಲ್ಲಿ ‘ಅಕ್ಷಯನೀವಿ’ ಎಂಬ ಮಾತು ಬರುತ್ತದೆ. ನೀವಿ ಎಂದರೆ ಮೂಲಧನ. ಅದು ಅಕ್ಷಯ, ಎಂದರೆ ಅದನ್ನು ಮುಟ್ಟುವಂತಿಲ್ಲ. ಅದರ ಹುಟ್ಟುವಳಿಯಿಂದ ಮಾತ್ರ ಖರ್ಚು ನಡೆಯಬೇಕು. ಗುಹೆಯಲ್ಲಿ ಮಳೆಗಾಲ ಕಳೆಯುವ ಭಿಕ್ಷುವಿಗೆ ಚೀವರಕ್ಕೆಂದು ಇಷ್ಟು, ಋತುಕಾಲದಲ್ಲಿ ತಿಂಗಳಿಗೆ ಇಷ್ಟು ಎಂದು ಲೆಕ್ಕ ಬರೆದಿರಿಸಿದ್ದಾರೆ. ಸರಕಾರಿ ಕಚೇರಿಯಲ್ಲಿ ಕಡತ ತಿರುವಿಹಾಕುವ ನನ್ನಂಥವನಿಗೆ ಈ ಲೆಕ್ಕ ವಿಶೇಷವಾಗಿ ಹಿಡಿಸುತ್ತದೆ. ಹೊಸ ಕಾಮಗಾರಿಗೆ ಶಂಕುಸ್ಥಾಪನೆಯಿದೆ, ಉದ್ಘಾಟನೆಯಿದೆ, ಫಲಕವಿದೆ. ‘ದುರಸ್ತಿ ಮತ್ತು ನಿರ್ವಹಣೆ’ ಎಂಬ ತಲೆಬರಹದ ಬಾಬತ್ತಿಗೆ ಯಾರೂ ಹಾರ ಹಾಕುವುದಿಲ್ಲ. ಕಾನ್ಹೇರಿಯ ದಾನಿಗಳು ನಿರ್ವಹಣೆಯ ಬಾಬತ್ತನ್ನೇ ಕಲ್ಲಿನಲ್ಲಿ ಕೆತ್ತಿಸಿದರು.

ಅಮೋಘವರ್ಷನ ಹೆಸರು

ಕನ್ನಡಿಗರ ಎದೆ ತುಸು ಉಬ್ಬುವ ಭಾಗ ಇನ್ನು ಮುಂದಿನದು. ಒಂಬತ್ತನೆಯ ಶತಮಾನದ ಹೊತ್ತಿಗೆ ಉತ್ತರ ಕೊಂಕಣವನ್ನು ಶಿಲಾಹಾರರು ಆಳುತ್ತಿದ್ದರು. ಅವರು ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರು. ಕಾನ್ಹೇರಿಯಲ್ಲಿ ಶಕ 765ರ, ಎಂದರೆ ಕ್ರಿಸ್ತಶಕ 843ರ ಸುಮಾರಿನ ಒಂದು ಶಾಸನವಿದೆ. ಶಿಲಾಹಾರ ಪುಲ್ಲಶಕ್ತಿ ಕೊಂಕಣವನ್ನು ಆಳುತ್ತಿದ್ದುದು ಅಮೋಘವರ್ಷನ ಕೃಪೆಯಿಂದ ಎಂದು ಅದು ಹೇಳುತ್ತದೆ. ಪುಲ್ಲಶಕ್ತಿಯ ಮಗ ಕಪರ್ದಿಯ ಕಾಲದ ಶಾಸನಗಳಲ್ಲೂ, ಶಕ 799ರವರೆಗೆ, ಅದೇ ಚಕ್ರವರ್ತಿಯ ಹೆಸರಿದೆ. ಈ ಅಮೋಘವರ್ಷ ಬೇರೆ ಯಾರೂ ಅಲ್ಲ, ನೃಪತುಂಗ. ಯಾರ ಆಸ್ಥಾನದಲ್ಲಿ ಕನ್ನಡದ ಉಪಲಬ್ಧ ಗ್ರಂಥಗಳಲ್ಲಿ ಮೊದಲನೆಯದಾದ ‘ಕವಿರಾಜಮಾರ್ಗ’ ಮೈದಾಳಿತೋ ಆತ. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಕುಳಿತು ಅರವತ್ತು ವರ್ಷಕ್ಕೂ ಮಿಕ್ಕಿ ರಾಜ್ಯವಾಳಿದ ದೊರೆಯ ಹೆಸರು ಬೋರಿವಲಿಯ ಕಾಡಿನ ಗುಹೆಯಲ್ಲಿದೆ ಎಂಬುದು ಮುಂಬಯಿಯ ಕನ್ನಡಿಗರಲ್ಲಿ ಎಷ್ಟು ಜನಕ್ಕೆ ಗೊತ್ತು?

ಈ ಸಂಗತಿ ತಿಳಿದೊಡನೆ ‘ಹಾಗಾದರೆ ಇದೆಲ್ಲ ಒಂದು ಕಾಲಕ್ಕೆ ನಮ್ಮದೇ’ ಎನ್ನುವ ಮಾತು ನಾಲಗೆಯ ತುದಿಗೆ ಬರುತ್ತದೆ. ಗಡಿಯ ವಾದವಿವಾದಗಳ ನಡುವೆ ಬೆಳೆದ ನಮಗೆ ಅದು ಸಹಜವೂ ಹೌದು. ಆದರೆ ಶಾಸನವನ್ನು ಪೂರ್ತಿಯಾಗಿ ಓದಿದರೆ ಆ ಮಾತು ಅಲ್ಲೇ ನಿಲ್ಲುತ್ತದೆ. ಈ ಶಾಸನಗಳ ಭಾಷೆ ಕನ್ನಡವಲ್ಲ, ಸಂಸ್ಕೃತ. ‘ಕವಿರಾಜಮಾರ್ಗ’ವೇ ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಹೇಳುವಾಗ ಅದು ಮಾತಿನ ನಾಡನ್ನು ಕುರಿತು ಹೇಳುತ್ತದೆಯೇ ಹೊರತು ರಾಜ್ಯದ ವಿಸ್ತಾರವನ್ನಲ್ಲ; ರಾಷ್ಟ್ರಕೂಟರ ರಾಜ್ಯ ಆ ಎಲ್ಲೆಯನ್ನು ಮೀರಿ ಹಬ್ಬಿತ್ತು. ಆಳಿದ್ದೆಲ್ಲ ತನ್ನ ನುಡಿಯ ನಾಡಲ್ಲ ಎಂಬ ವಿವೇಕ ಅಂದಿನವರಿಗಿತ್ತು.

ಅಲ್ಲದೆ ಆ ಶಾಸನಗಳಲ್ಲಿ ಯಾರ್ಯಾರಿದ್ದಾರೆ ನೋಡಿ. ಚಕ್ರವರ್ತಿ ಅಮೋಘವರ್ಷ ಜೈನಧರ್ಮದತ್ತ ಒಲಿದವನು. ಸಾಮಂತ ಕಪರ್ದಿಯದು ಶಿವನ ಹೆಸರು. ದಾನ ಸಂದದ್ದು ಬೌದ್ಧ ಸಂಘಕ್ಕೆ. ದಾನಿಗಳಲ್ಲೊಬ್ಬ ಗೋಮಿನ್ ಅವಿಘ್ನಾಕರ. ಅವನು ಬಂದದ್ದು ಗೌಡದೇಶದಿಂದ, ಎಂದರೆ ಇಂದಿನ ಬಂಗಾಳದ ಕಡೆಯಿಂದ. ಒಂಬತ್ತನೆಯ ಶತಮಾನದ ನಡುವಿನಲ್ಲಿ ಅವನು ಇಲ್ಲಿ ಕೋಣೆಗಳನ್ನು ಕಟ್ಟಿಸಿ ನೂರು ದ್ರಮ್ಮಗಳ ಅಕ್ಷಯನೀವಿಯನ್ನು ಇರಿಸಿದ. ಈ ನೆಲ ಅವನ ನಾಡಲ್ಲ, ಇಲ್ಲಿಯ ನುಡಿ ಅವನ ನುಡಿಯಲ್ಲ, ಇಲ್ಲಿಯ ದೊರೆ ಅವನ ದೊರೆಯಲ್ಲ. ಆದರೂ ಹನ್ನೊಂದು ಶತಮಾನಗಳ ಬಳಿಕ ಅವನ ಹೆಸರು ಇಲ್ಲಿದೆ. ಅವನು ಹಕ್ಕು ಸಾಧಿಸಲು ಬಂದವನಲ್ಲ. ನಡೆಸಿಕೊಂಡು ಹೋಗುವುದಕ್ಕೆ ಏರ್ಪಾಡು ಮಾಡಿದವನು. ಹೊರನಾಡಿನಲ್ಲಿ ನೆಲೆಸಿದ ನಮಗೆ ಅಮೋಘವರ್ಷನಿಗಿಂತಲೂ ಈ ಅವಿಘ್ನಾಕರ ಹತ್ತಿರದ ಬಂಧುವೆಂದು ನನಗೆ ತೋರುತ್ತದೆ.

ಮಳೆ ನಿಂತ ಮೇಲೆ

ಅಕ್ಟೋಬರ್ ಬಂದು ಆಕಾಶ ತಿಳಿಯಾದಾಗ ಕಾನ್ಹೇರಿಗೆ ಹೋಗುವುದು ಹಿತ. ಹಾಗೆ ಹೋದವರಲ್ಲಿ ಹೆಸರು ಉಳಿದಿರುವ ಅತಿ ಹಳೆಯ ಪ್ರೇಕ್ಷಕರು ಪಾರಸಿಗಳು. ತೊಂಬತ್ತನೆಯ ಗುಹೆಯಲ್ಲಿ ಪಹ್ಲವಿ ಭಾಷೆಯ ಬರಹಗಳಿವೆ. ಜರತುಷ್ಟ್ರ ಮತಸ್ಥರ ಗುಂಪುಗಳು ಇಲ್ಲಿಗೆ ಬಂದು ತಮ್ಮ ಹೆಸರುಗಳನ್ನೂ ತಂದೆಯರ ಹೆಸರುಗಳನ್ನೂ ತಾರೀಖನ್ನೂ ಬರೆದು ಹೋಗಿದ್ದಾರೆ. ವಿದ್ವಾಂಸರು ಲೆಕ್ಕ ಹಾಕಿರುವ ದಿನಾಂಕಗಳು 1009ರ ಅಕ್ಟೋಬರ್ 10 ಮತ್ತು ನವೆಂಬರ್ 24, ಆ ಬಳಿಕ 1021ರ ಅಕ್ಟೋಬರ್ 30. ಮೂರೂ ಮಳೆ ನಿಂತ ಮೇಲಿನ ದಿನಗಳೇ. ಅವರು ಬೌದ್ಧರಲ್ಲ, ದಾನ ಕೊಡಲು ಬಂದವರೂ ಅಲ್ಲ. ಬಂದರು, ಕಂಡರು, ಹೆಸರು ಬರೆದರು. ಪ್ರವಾಸಿತಾಣದ ಗೋಡೆಯ ಮೇಲೆ ಹೆಸರು ಗೀಚುವ ಇಂದಿನ ಹುಡುಗರನ್ನು ಬೈಯುವ ಮುನ್ನ ಈ ಸಾವಿರ ವರ್ಷದ ಹಿರಿಯರು ನೆನಪಾಗುತ್ತಾರೆ! ಇತಿಹಾಸಕ್ಕೆ ಅವರ ಬರಹ ಅಮೂಲ್ಯವಾದದ್ದು ನಿಜ. ಆದರೂ ಅಕ್ಕಸಾಲಿಗ ಸಾಮಿದತ್ತನಿಗೂ ಇವರಿಗೂ ಒಂದು ವ್ಯತ್ಯಾಸವಿದೆ. ಇವರು ನೋಡಿದರು, ಅವನು ನೋಡಿಕೊಂಡ. ಕನ್ನಡ ಭಾಷೆ ‘ನೋಡು’ ಎಂಬ ಒಂದೇ ಧಾತುವಿನಿಂದ ದರ್ಶನವನ್ನೂ ಆರೈಕೆಯನ್ನೂ ಹೇಳಬಲ್ಲದು. ನಡುವೆ ಇರುವುದು ‘ಕೊಳ್ಳು’ ಎಂಬ ಸಹಾಯಕ ಕ್ರಿಯಾಪದವೊಂದು ಮಾತ್ರ.

ಶಿವರಾತ್ರಿ

ಪಾರಸಿಗಳು ಕಾನ್ಹೇರಿಯಲ್ಲಿ ಹೆಸರು ಬರೆದ ಕಾಲದಲ್ಲೂ ಕೊಂಕಣವನ್ನು ಆಳುತ್ತಿದ್ದವರು ಶಿಲಾಹಾರರೇ. ಠಾಣೆ ಅಂದು ಶ್ರೀಸ್ಥಾನಕ. ಅರಿಕೇಸರಿಯ 1017ರ ತಾಮ್ರಪಟಗಳು 1787ರಲ್ಲಿ ಠಾಣೆಯಲ್ಲಿ ನೆಲ ಅಗೆಯುವಾಗ ದೊರೆತವು. ಭಾರತದ ಶಾಸನ ಅಧ್ಯಯನದ ಮೊದಲ ದಿನಗಳಲ್ಲೇ ಇಂಗ್ಲಿಷಿಗೆ ಅನುವಾದಗೊಂಡು ಪ್ರಕಟವಾದವುಗಳಲ್ಲಿ ಅವೂ ಸೇರಿವೆ. ಅದೇ ವಂಶದ ಮುಮ್ಮುಣಿಯ ಕಾಲದಲ್ಲಿ, ಶಕ 982ರಲ್ಲಿ, ಎಂದರೆ 1060ರಲ್ಲಿ, ಅಂಬರನಾಥದ ಶಿವಾಲಯದಲ್ಲಿ ಶಾಸನ ಬಿತ್ತು. ಕಪ್ಪು ಕಲ್ಲಿನ ಆ ದೇಗುಲದಲ್ಲಿ ಗರ್ಭಗುಡಿಗೆ ಮೆಟ್ಟಿಲಿಳಿದು ಹೋಗಬೇಕು. ಮಹಾಶಿವರಾತ್ರಿಯಂದು ಅಲ್ಲಿ ನೆರೆಯುವ ಜನಸಾಗರವನ್ನು ಕಂಡವರು ಡೊಂಬಿವಲಿ, ಕಲ್ಯಾಣಗಳ ಕನ್ನಡಿಗರಲ್ಲಿ ಅನೇಕರಿದ್ದಾರೆ.

ದೇಗುಲದ ಪಕ್ಕದಲ್ಲೇ ವಾಲಧುನಿ ನದಿ ಹರಿಯುತ್ತದೆ. ಕಾರ್ಖಾನೆಗಳ ರಾಸಾಯನಿಕವನ್ನೂ ಊರುಗಳ ಕೊಳಚೆಯನ್ನೂ ಹೊತ್ತು ಅದು ಕಲ್ಯಾಣದ ಕಡೆಗೆ ಸಾಗುತ್ತದೆ. ಒಂಬೈನೂರು ವರ್ಷ ಸವೆದರೂ ನಿಂತಿರುವ ಶಿಲ್ಪವನ್ನು ಮೆಚ್ಚಿ ನೋಡುವ ಕಣ್ಣು, ಅದರ ಬದಿಯ ನೀರಿನ ಬಳಿ ಮೂಗು ಮುಚ್ಚಿಕೊಂಡು ದಾಟುತ್ತದೆ. ಶಿಲಾಹಾರರ ಶಿಲ್ಪಿಗೆ ಗುಡಿಯೂ ಹೊಳೆಯೂ ಒಂದೇ ಸನ್ನಿವೇಶದ ಎರಡು ಅಂಗಗಳು. ನಮ್ಮ ಕಾಲದಲ್ಲಿ ಗುಡಿ ಸಂರಕ್ಷಿತ ಸ್ಮಾರಕ. ಹೊಳೆ ಯಾರದೂ ಅಲ್ಲ.

ಚಳಿಗಾಲ ಮತ್ತು ಬೇಸಿಗೆ

ಶಿವರಾತ್ರಿಯ ಹೊತ್ತಿಗೆ ನಮ್ಮ ಖಾಡಿ ಗುಲಾಬಿ ಬಣ್ಣ ತಳೆದಿರುತ್ತದೆ. ಚಳಿಗಾಲದಲ್ಲಿ ಬಂದು ಮೇ ತಿಂಗಳವರೆಗೆ ತಂಗುವ ರಾಜಹಂಸಗಳು, ಎಂದರೆ ಫ್ಲೆಮಿಂಗೊಗಳು, ಈ ಪಂಚಾಂಗದ ಅತಿ ಹೊಸ ಪುಟ. ಅವು ಇಲ್ಲಿ ದೊಡ್ಡ ಸಂಖ್ಯೆಯಲ್ಲಿ ಕಾಣತೊಡಗಿದ್ದು 1990ರ ದಶಕದಲ್ಲಿ. ಕೆಲವು ವರ್ಷಗಳಲ್ಲಿ ಲಕ್ಷವನ್ನು ಮೀರಿದ್ದೂ ಉಂಟು. ಖಾಡಿಯ ಕೆಸರಿನಲ್ಲಿ ಬೆಳೆಯುವ ಪಾಚಿ ಇವುಗಳ ಮುಖ್ಯ ಆಹಾರ. ಇವುಗಳ ಬಣ್ಣದ ಮೂಲವೂ ಆ ಆಹಾರವೇ. ಆ ಪಾಚಿ ಸಮೃದ್ಧವಾಗಲು ಎರಡೂ ದಡದ ನಗರಗಳು ಬಿಡುವ ಕೊಳಚೆನೀರಿನ ಪೋಷಕಾಂಶಗಳೂ ಕಾರಣವೆಂದು ತಜ್ಞರು ಹೇಳುತ್ತಾರೆ. ನಮ್ಮ ಅಚಾತುರ್ಯದಿಂದ ಒದಗಿಬಂದ ಸೌಂದರ್ಯ ಇದು ಎಂದರೆ ಕಟುವೆನಿಸಬಹುದು, ಆದರೆ ಸತ್ಯ.

2015ರಲ್ಲಿ ಮಹಾರಾಷ್ಟ್ರ ಸರಕಾರ ಖಾಡಿಯ ಸುಮಾರು 1,690 ಹೆಕ್ಟೇರು ಪ್ರದೇಶವನ್ನು ಫ್ಲೆಮಿಂಗೊ ಅಭಯಾರಣ್ಯವೆಂದು ಘೋಷಿಸಿತು. 2022ರಲ್ಲಿ ಠಾಣೆ ಖಾಡಿ ರಾಮ್ಸರ್ ಒಪ್ಪಂದದ ಅಂತಾರಾಷ್ಟ್ರೀಯ ಮಹತ್ವದ ಜೌಗುತಾಣಗಳ ಪಟ್ಟಿಗೆ ಸೇರಿತು. ಘಣಸೋಲಿಯ ಪಕ್ಕದ ಐರೋಲಿಯಿಂದ ದೋಣಿಯಲ್ಲಿ ಹೋಗಿ ಹಕ್ಕಿಗಳನ್ನು ನೋಡುವ ವ್ಯವಸ್ಥೆಯೂ ಆಯಿತು. ಇದು ನೋಡುವುದರ ಕತೆ. ನೋಡಿಕೊಳ್ಳುವುದರ ಕತೆ ಬೇರೆ. 2024ರ ಬೇಸಿಗೆಯಲ್ಲಿ ನೇರೂಳಿನ ಕೆರೆಯೊಂದಕ್ಕೆ ಭರತದ ನೀರು ಬರುವ ದಾರಿ ಮುಚ್ಚಿಹೋಗಿ ಕೆರೆ ಒಣಗಿತು. ಹಲವು ಹಕ್ಕಿಗಳು ಸತ್ತವು. ಅದೇ ಮೇ ತಿಂಗಳಲ್ಲಿ ಘಾಟಕೋಪರದ ಮೇಲೆ ಹಾರುತ್ತಿದ್ದ ಗುಂಪೊಂದು ಇಳಿಯುತ್ತಿದ್ದ ವಿಮಾನಕ್ಕೆ ಸಿಕ್ಕಿ ಮೂವತ್ತಕ್ಕೂ ಹೆಚ್ಚು ಹಕ್ಕಿಗಳು ನೆಲಕ್ಕುರುಳಿದವು. ಭರತದ ನೀರಿಗೆ ಒಂದು ದಾರಿ ಬಿಡಬೇಕೆಂಬ ಸರಳ ಜಲಶಾಸ್ತ್ರವನ್ನು ಕಾನ್ಹೇರಿಯ ಕಲ್ಲುಕುಟಿಗರು ಬಲ್ಲವರಾಗಿದ್ದರು. ಅವರ ಕಾಲುವೆಗಳಲ್ಲಿ ಇಂದಿಗೂ ಮಳೆನೀರು ಹರಿಯುತ್ತದೆ.

ಹಕ್ಕಿಗಳು ಬರುವುದಕ್ಕೆ ಮುನ್ನ ಈ ಖಾಡಿಯನ್ನು ನೋಡಿಕೊಂಡವರು ಆಗ್ರಿ ಮತ್ತು ಕೋಳಿ ಜನ. ಉಪ್ಪು ಬೆಳೆದರು, ಉಪ್ಪುನೀರಿಗೆ ಒಡ್ಡು ಕಟ್ಟಿ ಭತ್ತ ಬೆಳೆದರು, ಮೀನು ಹಿಡಿದರು. ಘಣಸೋಲಿ ಎಂಬ ಹೆಸರು ಸೆಕ್ಟರುಗಳಿಗಿಂತ ಮೊದಲು ಅವರ ಊರಿನ ಹೆಸರು. ಹೊಸ ನಗರಕ್ಕಾಗಿ ಅವರ ಗದ್ದೆ ಮತ್ತು ಉಪ್ಪಿನಗರಗಳು ಸ್ವಾಧೀನವಾದವು. 1984ರ ಜನವರಿಯಲ್ಲಿ ಉರಣ ತಾಲೂಕಿನ ಜಾಸಯಿಯ ಕಡೆ ನ್ಯಾಯವಾದ ಪರಿಹಾರಕ್ಕಾಗಿ ದಿ. ಬಾ. ಪಾಟೀಲರ ನೇತೃತ್ವದಲ್ಲಿ ನಡೆದ ಚಳವಳಿಯಲ್ಲಿ ಪೊಲೀಸರ ಗುಂಡಿಗೆ ಐವರು ಬಲಿಯಾದರು. ಆ ಬಳಿಕವೇ ಸ್ವಾಧೀನವಾದ ಭೂಮಿಯ ಶೇಕಡಾ 12.5ರಷ್ಟನ್ನು ಅಭಿವೃದ್ಧಿಪಡಿಸಿ ಮರಳಿಸುವ ಯೋಜನೆ ಬಂತು. ನಮ್ಮ ಬಾಲ್ಕನಿಯಿಂದ ಕಾಣುವ ಸೂರ್ಯಾಸ್ತದ ಚಿತ್ರ ತೆಗೆಯುವಾಗ ಅದರ ಕೆಳಗಿರುವ ನೆಲದ ಈ ಚರಿತ್ರೆಯೂ ನೆನಪಿರಬೇಕು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಮುಂಬಯಿ ಮುಳುಗಿದಾಗ, ಹೊಳೆ ಮತ್ತು ಕಾಂಡ್ಲಾಗಳ ಜಾಗವನ್ನು ಕಸಿದುಕೊಂಡುದರ ಬೆಲೆ ಏನೆಂಬುದು ಎಲ್ಲರಿಗೂ ಅರಿವಾಯಿತು. ಅದೇ ವರ್ಷ ಮುಂಬಯಿ ಉಚ್ಚ ನ್ಯಾಯಾಲಯ ಕಾಂಡ್ಲಾಗಳ ನಾಶಕ್ಕೆ ತಡೆ ಹಾಕಿತು. ಘಣಸೋಲಿಯ ಪಶ್ಚಿಮದ ಹಸಿರು ಪಟ್ಟಿ ಇಂದು ಉಳಿದಿದ್ದರೆ ಅದರಲ್ಲಿ ಆ ಆದೇಶದ ಪಾಲು ದೊಡ್ಡದು. ಆದರೆ ಆದೇಶ ಬೇಲಿಯಾಗಬಲ್ಲದು, ಅಕ್ಷಯನೀವಿಯಾಗಲಾರದು. ಅದಕ್ಕೆ ಜನ ಬೇಕು.

ಇಂದಿಗೆ ಒಂದು ಅಕ್ಷಯನೀವಿ

ಅಕ್ಷಯನೀವಿಯ ಕಲ್ಪನೆ ಕನ್ನಡಿಗರಿಗೆ ಅಪರಿಚಿತವಲ್ಲ. ಸಾಹಿತ್ಯ ಪರಿಷತ್ತಿನಲ್ಲಿ, ಊರೂರಿನ ಕನ್ನಡ ಸಂಘಗಳಲ್ಲಿ ನಡೆಯುವ ದತ್ತಿ ಉಪನ್ಯಾಸಗಳು ಅದರ ಮೊಮ್ಮಕ್ಕಳೇ. ಮೂಲಧನವನ್ನು ಮುಟ್ಟದೆ, ಬಡ್ಡಿಯಿಂದ ವರ್ಷಕ್ಕೊಮ್ಮೆ ಒಂದು ಒಳ್ಳೆಯ ಕೆಲಸ. ಈ ಅಭ್ಯಾಸವನ್ನು ನಾವು ಭಾಷಣಗಳಿಗೆ ಮೀಸಲಿಟ್ಟಿದ್ದೇವೆ. ಅದು ನಮ್ಮ ಸುತ್ತಲ ನೀರಿಗೂ ನೆಲಕ್ಕೂ ಹಬ್ಬಬಾರದೇಕೆ? ನವಿಮುಂಬಯಿ ಮತ್ತು ಠಾಣೆಯ ಕನ್ನಡ ಬಳಗಗಳು ವರ್ಷಕ್ಕೊಂದು ಬಸ್ಸು ಮಾಡಿಕೊಂಡು ಲೋಣಾವಳೆಗೆ ಹೋಗಿಬರುವುದರ ಜೊತೆಗೆ, ಒಂದು ಅಕ್ಟೋಬರಿನಲ್ಲಿ ಕಾನ್ಹೇರಿಗೆ ಹೋಗಿ ಆ ಶಾಸನಗಳ ಮುಂದೆ ನಿಂತು ಅರ್ಥ ಓದಿಕೊಳ್ಳಬಹುದು. ಒಂದು ಚಳಿಗಾಲದಲ್ಲಿ ಐರೋಲಿಯ ದೋಣಿಯಲ್ಲಿ ಕುಳಿತು, ಹಕ್ಕಿಗಳ ಬಗ್ಗೆ ಅಲ್ಲಿಯ ಕೋಳಿ ಅಂಬಿಗನಿಂದಲೇ ಅವನ ಮಾತಿನಲ್ಲಿ ಕೇಳಿ ತಿಳಿಯಬಹುದು. ಕಾಂಡ್ಲಾಗಳ ಬೇರಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ಕನ್ನು ಆರಿಸಲು ವರ್ಷಕ್ಕೆ ನಾಲ್ಕು ಭಾನುವಾರಗಳನ್ನು ದತ್ತಿಯಾಗಿ ಇಡಬಹುದು. ಅದಕ್ಕೆ ಹಣ ಬೇಡ; ಆದರೆ ತಪ್ಪದೆ ನಡೆಯಬೇಕು, ಮೂಲಧನ ಕರಗದಂತೆ.

ಕೊನೆಯದಾಗಿ ಪುಲ್ಲಶಕ್ತಿಯ ಕಾಲದ ಆ ಶಾಸನಕ್ಕೆ ಮರಳುತ್ತೇನೆ, ಏಕೆಂದರೆ ಅದರಲ್ಲಿ ನಮ್ಮ ಬಳಗಕ್ಕೆ ಸಲ್ಲುವ ಒಂದು ವಿವರವಿದೆ. ಅಮಾತ್ಯನೊಬ್ಬ ಕೃಷ್ಣಗಿರಿಯ ಸಂಘಕ್ಕೆ ಕೊಟ್ಟ ದ್ರಮ್ಮಗಳನ್ನು ಬಾಬತ್ತುವಾರು ಹಂಚಿದ್ದಾನೆ: ವಿಹಾರದ ದುರಸ್ತಿಗೆ ಇಷ್ಟು, ಭಿಕ್ಷುಗಳ ಉಡುಪಿಗೆ ಇಷ್ಟು, ಆ ಬಳಿಕ ಪುಸ್ತಕಗಳಿಗೂ ಒಂದು ಪಾಲು. ಮಳೆ ಸುರಿಯುತ್ತಿರುವಾಗ ಕಲ್ಲಿನ ಕೋಣೆಯಲ್ಲಿ ಕುಳಿತ ಭಿಕ್ಷುವಿಗೆ ಓದಲು ಏನಾದರೂ ಬೇಕಲ್ಲವೇ ಎಂದು ಒಬ್ಬ ಸರಕಾರಿ ಅಧಿಕಾರಿಗೆ ಹೊಳೆದಿತ್ತು. ಮಳಖೇಡದಲ್ಲಿ ಕನ್ನಡದ ಕವಿಮಾರ್ಗದ ಬಗೆಗೆ ಚಿಂತನೆ ನಡೆದಿದ್ದ ಕಾಲ ಅದು. ಅದೇ ಕಾಲದಲ್ಲಿ ಈ ಖಾಡಿಯ ಆಚೆ ದಡದ ಗುಡ್ಡದಲ್ಲಿ ಪುಸ್ತಕಕ್ಕೆಂದು ಹಣ ತೆಗೆದಿಡಲಾಗಿತ್ತು.